ಹದಿನೈದನೇ ತಾರೀಕಿನ ಪಾಯಸ

ಚೌತಿಗೆ ನಾನು ಅರಿಶಿನದೆಲೆಯ ಕಡುಬು ಮಾಡುತ್ತೇನೆ.
ಡಿಸೆಂಬರಿನಲ್ಲಿ ಇನಾಸಳ ಮನೆಯಿಂದ ನೆವ್ರಿ ಬರುತ್ತದೆ.
ರಂಜಾನಿಗೆ ಸಕೀನಾಬಿಯ ಶೀರ್‌ಖುರ್ಮಾ,
ಸ್ಟೀಲ್ ಡಬ್ಬಿಯಲ್ಲಿ, ಮುಟ್ಟಿದರೆ ಕೈ ಸುಡುವಷ್ಟು ಬಿಸಿ.
ಡಬ್ಬಿ ಖಾಲಿ ಮರಳಿಸಬಾರದು:
ಒಂದು ಚಮಚ ಸಕ್ಕರೆ, ಇಲ್ಲವೇ ಎರಡು ಬಾಳೆಹಣ್ಣು.
ಇಪ್ಪತ್ತು ವರ್ಷದ ಲೆಕ್ಕ. ಯಾರೂ ಬರೆದಿಟ್ಟಿಲ್ಲ,
ಯಾರೂ ತಪ್ಪಿಸಿಲ್ಲ.

ಆಗಸ್ಟ್ ಹದಿನೈದಕ್ಕೆ ಮಾತ್ರ
ನಮ್ಮ ಕಾಲನಿಯಲ್ಲಿ ಡಬ್ಬಿ ಓಡಾಡುವುದಿಲ್ಲ.
ಏನು ತುಂಬಿಸಿ ಕಳಿಸುವುದು, ಯಾರು ಯಾರಿಗೆ?
ಆ ಹಬ್ಬಕ್ಕೊಂದು ಅಡುಗೆಯೇ ಇಲ್ಲ.
ಶಾಲೆಯಲ್ಲಿ ಪೇಟೆಯ ಲಾಡು, ತಲೆಗೊಂದು.

ಆ ವರ್ಷ ಗುಡ್ಡ ಜರಿದು ಹೆದ್ದಾರಿ ಕಟ್ಟಿತು.
ಲಾಡು ಕಾರವಾರದಲ್ಲೇ ಉಳಿಯಿತು.
ಛತ್ರಿಯ ನೀರು ಒಲೆಗೆ ಸಿಡಿಸುತ್ತ ಬಂದರು ಹೊಸಮನಿ ಮಾಸ್ತರು:
"ಏನರ ಸಿಹಿ ಮಾಡ್ರಲ್ಲ, ಅಕ್ಕಾರ."
ನಾನೆಂದೆ: ಹಬ್ಬದಡುಗೆಗೆ ಒಂದು ರೂಢಿ ಅಂತ ಇರ್ತದೆ ಸರ್,
ಇದಕ್ಕೆ ಎಂತ ರೂಢಿ?
ಅವರು ಮಳೆ ನೋಡಿದರು ಸ್ವಲ್ಪ ಹೊತ್ತು.
"ಇವತ್ತ ಮಾಡ್ರಿ. ಮುಂದಿನ ವರ್ಷ ರೂಢಿ ಅಂದ್ರಾತು."

ಬಿಸಿಯೂಟದ ಅಕ್ಕಿ ಇತ್ತು. ಹಿತ್ತಲಿನ ತೆಂಗಿನಕಾಯಿ ಇತ್ತು.
ಬೆಲ್ಲ ಇರಲಿಲ್ಲ.
ಮಕ್ಕಳನ್ನು ಮನೆಗಟ್ಟಿದೆ.
ಹಾಲಕ್ಕಿ ಬೊಮ್ಮನ ಮೊಮ್ಮಗಳು ತಂದದ್ದು ಜೋನಿಬೆಲ್ಲ,
ಬಾಟಲಿಯ ಬಾಯಿಗೆ ಬಾಳೆಎಲೆಯ ಬಿರಡೆ.
ಇನಾಸಳ ಮಗ ಗೋವೆಯ ಕಪ್ಪು ತೆಂಗಿನಬೆಲ್ಲ,
ಅರ್ಧ ದಾರಿಯಲ್ಲೇ ನೆಕ್ಕಿದ್ದ.
ಸಕೀನಾಬಿಯಲ್ಲಿ ಬೆಲ್ಲ ಮುಗಿದಿತ್ತಂತೆ,
ಅಳಿಯ ತಂದ ಖರ್ಜೂರ ಕಳಿಸಿದಳು, ಬೀಜ ತೆಗೆದು.
ನೌಕಾನೆಲೆಯ ಕಟ್ಟಡ ಕೆಲಸಕ್ಕೆ ಒಡಿಶಾದಿಂದ ಬಂದವರ ಸುಕಾಂತಿ
ಬರಿಗೈಯಲ್ಲಿ ಬಾಗಿಲಿಗೊರಗಿ ನಿಂತಳು.
ಅವಳಿಗೆ ತುರಿಮಣೆ ಕೊಟ್ಟೆ.

ಒಂದು ಮನೆಯಿಂದ ಮಾತು ಬಂತು:
"ಯಾರ್ಯಾರ ಮನೆದೋ ಬಿದ್ದಿದೆ ಅದರಲ್ಲಿ,
ನಮ್ಮ ಹುಡುಗನಿಗೆ ಬಡಿಸಬೇಡಿ."
ಯಾವ ಮನೆ, ಹೇಳುವುದಿಲ್ಲ. ಇದೇ ಊರಲ್ಲಿ ಬದುಕಬೇಕು.

ಬಾವುಟ ಏರಿತು, ಒದ್ದೆಯಾಗಿ ಕಂಬಕ್ಕೇ ಅಂಟಿಕೊಂಡಿತು.
ಹರಿಕಂತ್ರರ ಪದ್ದಜ್ಜಿ ಎಂದಿನಂತೆ ಬಂದಿದ್ದಳು.
ಅವಳ ಮನೆ, ದೋಣಿ ಎಳೆಯುವ ಮರಳು,
ಗಂಡನನ್ನು ಸುಟ್ಟ ಜಾಗ,
ಎಲ್ಲ ಈಗ ನೌಕಾನೆಲೆಯ ಬೇಲಿಯೊಳಗೆ.
ಅಲ್ಲಿಯೂ ಇವತ್ತು ಇದೇ ಬಾವುಟ, ಇನ್ನೂ ದೊಡ್ಡದು.
ವರ್ಷವೂ ಬರುತ್ತಾಳೆ. ಎದ್ದು ನಿಲ್ಲುವುದಿಲ್ಲ.
ಹಾಡು ಮುಗಿಯುವವರೆಗೆ ಕಂಬದ ಬುಡ ನೋಡುತ್ತ ಕೂರುತ್ತಾಳೆ.
ಏಳು ಅನ್ನುವ ಬಾಯಿ
ನಮ್ಮ ಕಾಲನಿಯಲ್ಲಿ ಇನ್ನೂ ಹುಟ್ಟಿಲ್ಲ.

ಸಾಲು ಹಿಡಿದು ಬಡಿಸಿದೆ.
ಕೊನೆಯಲ್ಲಿ ಆ ಮನೆಯ ಹುಡುಗ,
ತಟ್ಟೆ ಬೆನ್ನ ಹಿಂದೆ.
ನಾನು ಗುಡ್ಡದ ಕಡೆ ನೋಡುತ್ತ ಸೌಟು ಬಗ್ಗಿಸಿದೆ.
ತಟ್ಟೆಗೆ ಬಿದ್ದ ಸದ್ದಾಯಿತು. ಅಷ್ಟೇ ನನಗೆ ಗೊತ್ತು.

ಪದ್ದಜ್ಜಿ ಬೆರಳದ್ದಿ ನೆಕ್ಕಿ ಮುಖ ಹಿಂಡಿದಳು.
"ಉಪ್ಪು ಹಾಕಿಲ್ಲ."
ಪಾಯಸಕ್ಕೆ ಉಪ್ಪೇ ಅಜ್ಜಿ?
"ಚಿಟಿಕೆ. ಇಲ್ಲದಿದ್ರೆ ಸಿಹಿ ತಲೆಗೇರ್ತದೆ."
ತಾನೇ ಎದ್ದು ಬಂದಳು, ಮಂಡಿ ಹಿಡಿದುಕೊಂಡು,
ಹರಳುಪ್ಪು ಪುಡಿಮಾಡಿ ಹಂಡೆಗೆ ಉದುರಿಸಿದಳು.
ಆಮೇಲೆ ಎರಡು ಸಲ ಹಾಕಿಸಿಕೊಂಡಳು,
ಚೆನ್ನಾಗಿದೆ ಅನ್ನಲಿಲ್ಲ.

ಮಧ್ಯಾಹ್ನ ಹಂಡೆ ತೊಳೆಯಲು ಕುಳಿತೆ.
ಅದರ ಮೈಮೇಲೆ ಕೊರೆದದ್ದು ಶಾಲೆಯ ಹೆಸರು.
ಯಾರ ಮನೆಗೆ ಮರಳಿಸುವುದು ಇದನ್ನು,
ಒಂದು ಚಮಚ ಸಕ್ಕರೆ ಹಾಕಿ?
ಬೂದಿ ಕೈಯಲ್ಲೇ ಉಳಿಯಿತು.
ತಳ ಹಿಡಿದಿತ್ತು, ದಪ್ಪಗೆ, ಕರ್ರಗೆ;
ಜೋನಿಯೋ ಗೋವೆಯದೋ ಖರ್ಜೂರವೋ,
ಸುಟ್ಟ ಮೇಲೆ ಒಂದೇ ಬಣ್ಣ.
ಸುಕಾಂತಿ ಇನ್ನೂ ಹೋಗಿರಲಿಲ್ಲ.
ಚಮಚ ತಂದು ಕೆರೆದೆವು,
ಅವಳಿಗರ್ಧ, ನನಗರ್ಧ.